ಮಂಜಿನ ಮೇಲೆ ಮೂರು ಮ್ಯಾಚು

ಒಂಬತ್ತು ಸಾವಿರ ದಿರ್ಹಮ್ ಬಾಡಿಗೆ. ಮೂರೂ ಮ್ಯಾಚಿಗೆ ಸೇರಿಸಿ ಮುಂಗಡ. ಮೂರನೆಯದು ನಡೆಯದಿದ್ದರೂ ವಾಪಸಿಲ್ಲ. ಅಬುಧಾಬಿ ಮತ್ತು ದುಬೈ ತಂಡಗಳ ಐಸ್ ಹಾಕಿ ಫೈನಲ್‌ನಲ್ಲಿ ತಿಂಡಿ ಸ್ಟಾಲ್ ಇಡಲು ನಾನು ಸಹಿ ಹಾಕಿದ ಕರಾರು ಇದು. ಆಟಗಾರರಿಗೆ ಸಂಬಳ ಕೊಟ್ಟು ಆಡಿಸುವುದು ಇಲ್ಲಿ ಆಗಿನ್ನೂ ಹೊಸತು. ಮೂರರಲ್ಲಿ ಎರಡು ಗೆದ್ದವರಿಗೆ ಕಪ್. ಒಂದೇ ತಂಡ ಮೊದಲೆರಡನ್ನೂ ಗೆದ್ದುಬಿಟ್ಟರೆ ಆಟ ಖಲಾಸ್, ನಾನೂ ಖಲಾಸ್. ಮರಳುಗಾಡಿನಲ್ಲಿ ಮಂಜುಗಡ್ಡೆ ನಂಬಿ ವ್ಯಾಪಾರಕ್ಕಿಳಿದವನಿಗೆ ಇಂಥವು ಆಗುತ್ತಲೇ ಇರುತ್ತವೆ.

ಮಜ್ಜಿಗೆ

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಅಂಗಡಿ ಇಟ್ಟು ನಾನು ಕಲಿತದ್ದು ಒಂದೇ ಪಾಠ: ಬೇಸಿಗೆಯಲ್ಲಿ ತಣ್ಣಗಿನದು ಮಾರು. ಅಲ್ಲೇ ನಡೆದ ಮೊದಲ ಮ್ಯಾಚಿಗೆ ದೊಡ್ಡ ಕ್ಯಾನುಗಳಲ್ಲಿ ಮಸಾಲೆ ಮಜ್ಜಿಗೆ ಹೊರಿಸಿಕೊಂಡು ಹೋದೆ.

ಹೊರಗೆ ಬೆಂಕಿ ಬಿಸಿಲು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಬಿಳಿ ಬೆಳಕಿನ ಕೆಳಗೆ ಬಿಳಿ ಅಂಗಳ, ಅದರ ಮೇಲೆ ತೆಳ್ಳಗೆ ಮಂಜು. ಆಟಗಾರರಿಗೆ ಕಾಲೇ ಇಲ್ಲವೇನೋ ಎಂಬಂತೆ ತೇಲಿಹೋಗುತ್ತಿದ್ದರು. ಚಂದ್ರನ ಮೇಲೆ ಜಾತ್ರೆ ನೆರೆದರೆ ಹೀಗೇ ಇರಬಹುದು ಅಂದುಕೊಂಡು ಬಾಯಿ ತೆರೆದು ನಿಂತೆ. ಬಾಯಿಂದ ಹೊಗೆ ಬಂತು. ಆಗ ಗೊತ್ತಾಯಿತು, ಇಲ್ಲಿ ಮಜ್ಜಿಗೆ ಮುಟ್ಟುವವರು ಯಾರೂ ಇಲ್ಲ.

"ಕನಸು ಕಂಡದ್ದು ಸಾಕು, ಒಲೆ ಹಚ್ಚಿ" ಅಂದಳು ಹೆಂಡತಿ. ಬಜೆ ಕರಿಯಲು ತಂದ ಕಡಲೆಹಿಟ್ಟು ಕದಡಿ, ಶುಂಠಿ ಜಜ್ಜಿ, ಮಜ್ಜಿಗೆಯನ್ನೇ ಕುದಿಸಿ ಒಗ್ಗರಣೆ ಕೊಟ್ಟಳು. "ಸೂಪ್" ಅಂತ ಬೋರ್ಡು ಬರೆದೆ. ನಡುಗುತ್ತಾ ಬಂದ ಬಿಳಿಯನೊಬ್ಬ ಒಂದೇ ಉಸಿರಿಗೆ ಎರಡು ಕಪ್ ಕುಡಿದು, "ಅದ್ಭುತ! ಯಾವ ಪ್ರಾಣಿಯ ಸೂಪು?" ಎಂದು ಕೇಳಿದ.

"ಹಸುವಿನದು" ಅಂದೆ. ವ್ಯಾಪಾರದಲ್ಲಿ ನಾನು ಸುಳ್ಳು ಹೇಳುವವನಲ್ಲ.

ಗಾಜಿನ ಪೆಟ್ಟಿಗೆ

ಅವತ್ತೇ ದುಬೈಯ ಮಿರ್ದಿಫ್‌ನಿಂದ ನನ್ನ ಹೆಂಡತಿಯ ಅಣ್ಣ ಬಂದಿದ್ದರು. ಅಲ್ಲಿಯ ಕಂಪನಿಯೊಂದರಲ್ಲಿ ಅಕೌಂಟೆಂಟ್, ಕೂರುವುದು ಗಾಜಿನ ಕ್ಯಾಬಿನ್ನಿನಲ್ಲಿ. ಮಂಕಿ ಕ್ಯಾಪ್ ಹಾಕಿ, ವಿಮಾನದಲ್ಲಿ ಕೊಟ್ಟ ಕಂಬಳಿ ಹೊದ್ದು ಕೂತವರಿಗೆ ಆ ತಂಪಿಗೆ, ಸ್ಕೇಟಿನ ಸರ್ ಸರ್ ಸದ್ದಿಗೆ ಜೊಂಪು ಹತ್ತಿತು. ಒಮ್ಮೆಲೇ ಕೂಗು. ಒಬ್ಬ ಇನ್ನೊಬ್ಬನನ್ನು ಗೋಡೆಗೆ ಒತ್ತಿ ಗುದ್ದಿದ್ದ. ರೆಫರಿ ಗುದ್ದಿದವನನ್ನು ಕರೆದೊಯ್ದು ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದ.

ಎಚ್ಚರಾದ ಭಾವ ಕಣ್ಣುಜ್ಜಿ, "ಅವನನ್ನು ಯಾಕೆ ಅಲ್ಲಿ ಕೂರಿಸಿದ್ದು?" ಅಂದರು.

"ತಪ್ಪು ಮಾಡಿದ ಭಾವ. ಎರಡು ನಿಮಿಷ ಶಿಕ್ಷೆ."

"ಎರಡೇ ನಿಮಿಷವಾ!" ಭಾವ ಕಂಬಳಿ ಎಳೆದುಕೊಂಡರು. "ಏನೂ ತಪ್ಪು ಮಾಡದ ನನ್ನನ್ನು ಹನ್ನೊಂದು ವರ್ಷದಿಂದ ಕೂರಿಸಿದ್ದಾರೆ ಮಾರಾಯ್ರೆ."

ಯಾರ ಕಡೆ

ಆ ಮ್ಯಾಚು ಅಬುಧಾಬಿ ಗೆದ್ದಿತು. ಎರಡನೆಯದು ದುಬೈಯಲ್ಲಿ. ಅದನ್ನೂ ಅಬುಧಾಬಿಯೇ ಗೆದ್ದರೆ ಮೂರನೆಯ ದಿನದ ಬಾಡಿಗೆ ನೀರಲ್ಲಿ ಮಾಡಿದ ಹೋಮ. ಸ್ಟಾಲನ್ನು ಹೆಂಡತಿಗೆ ಬಿಟ್ಟು ಮೊದಲ ಸಾಲಿನಲ್ಲಿ ನಿಂತು, "ದುಬೈ! ಯಲ್ಲಾ ದುಬೈ!" ಎಂದು ಗಂಟಲು ಹರಿಯುವಂತೆ ಕೂಗಿದೆ.

ಹಿಂದಿನಿಂದ ಒಂದು ಕೈ ಹೆಗಲ ಮೇಲೆ ಬಿತ್ತು. ನೋಡಿದರೆ ನನ್ನ ಅಂಗಡಿಯ ಹಳೇ ಗಿರಾಕಿ, ಪುತ್ತೂರಿನವರು. ಅಬುಧಾಬಿ ಗೆಲ್ಲುವುದನ್ನು ನೋಡಲೆಂದೇ ಬಸ್ಸು ಹತ್ತಿ ಬಂದವರು. "ಎಂಥದಣ್ಣಾ ಇದು! ಉಪ್ಪು ತಿನ್ನುವುದು ಅಬುಧಾಬಿಯದ್ದು, ಜೈ ಹೇಳುವುದು ದುಬೈಗೆ?"

"ಒಂದು ದಿನ ತಡೆದುಕೊಳ್ಳಿ ಮಾರಾಯ್ರೆ" ಅಂದೆ. "ಮೂರನೇ ಮ್ಯಾಚು ಆಗುವುದಾದರೆ ನಾನು ನಿಮ್ಮ ಕಡೆಯೇ."

ಹೊಸ ಗಾಡಿ

ಎರಡೂ ಕಡೆ ಗೋಲು ಸಮ. ಇನ್ನೊಂದು ಅವಧಿ ಮಾತ್ರ ಬಾಕಿ. ಮಧ್ಯೆ ಬಿಡುವಿನಲ್ಲಿ ಮಂಜು ಕೆರೆದು, ನೀರು ಹಾಯಿಸಿ ಮತ್ತೆ ಕನ್ನಡಿಯಂತೆ ಮಾಡಲು ಒಂದು ದೊಡ್ಡ ಗಾಡಿ ಬರುತ್ತದೆ. ಅವತ್ತು ಹಳೆಯದು ಕೆಟ್ಟು, ಹೊಚ್ಚ ಹೊಸ ಗಾಡಿ ಗೋಲಿನ ಪಕ್ಕದ ಗೇಟಿನಿಂದ ಇಳಿಯಿತು. ಡ್ರೈವರ್ ನಮ್ಮ ಕಾರ್ಕಳದವರು. ಹೊಸ ಗಾಡಿಯನ್ನು ಸುಮ್ಮನೆ ಹೊರಡಿಸುವುದುಂಟೇ? ಯಾರೂ ನೋಡದಾಗ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು, ಕೈಮುಗಿದು, ಹತ್ತಿಸಿಯೇಬಿಟ್ಟರು.

ಮೂರು ಸಿಪ್ಪೆ ಹೆಕ್ಕಿದರು. ಒಂದು ಕಣ್ಣಿಗೆ ಬೀಳದೆ ಮಂಜಿನಲ್ಲೇ ಹೆಪ್ಪುಗಟ್ಟಿ ಕೂತಿತು.

ಆಟ ಇನ್ನೇನು ಮುಗಿಯಬೇಕು. ದುಬೈಯವನೊಬ್ಬ ಹೊಡೆದ, ಚೆಂಡಿನ ಬದಲು ಆಡುವ ಕಪ್ಪು ಬಿಲ್ಲೆ ಗೋಲು ತಪ್ಪಿ ನಿಧಾನಕ್ಕೆ ಪಕ್ಕಕ್ಕೆ ಜಾರುತ್ತಿತ್ತು. ಬಿಲ್ಲೆ ಸಿಪ್ಪೆಗೆ ತಾಗಿತು, ತಿರುಗಿತು, ಗೋಲ್‌ಕೀಪರನ ಸ್ಕೇಟಿಗೆ ಬಡಿದು ಒಳಗೆ ಹೋಯಿತು.

ರೆಫರಿ ಮಂಡಿಯೂರಿ ಉಗುರಿನಿಂದ ಕೆರೆದು ಮೂಸಿ ನೋಡಿದ. ಮ್ಯಾನೇಜರ್ ಡ್ರೈವರನ್ನು ಎಳೆದು ತಂದ. "ಇದೇನಿದು?"

"ಸಾರ್, ಹೊಸ ಗಾಡಿ. ದೃಷ್ಟಿಯಾಗಬಾರದಲ್ಲ!"

ರೆಫರಿ ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡ. ಮಂಜು ಎರಡೂ ತಂಡಕ್ಕೂ ಒಂದೇ, ಗೋಲು ಗೋಲೇ ಅಂದ. ದುಬೈ ಗೆದ್ದಿತು, ನಾನು ಕುಣಿದೆ.

ನಿಂಬೆಹಣ್ಣಿನ ಸುದ್ದಿ ನನಗಿಂತ ಮೊದಲೇ ಅಬುಧಾಬಿ ತಲುಪಿತ್ತು. ಅಲ್ಲಿ ನಡೆಯಬೇಕಿದ್ದ ಮೂರನೇ ಮ್ಯಾಚಿನ ಬೆಳಿಗ್ಗೆ ಅಲ್ ಮೀನಾ ಮಾರುಕಟ್ಟೆಯಿಂದ ಎರಡು ಪೆಟ್ಟಿಗೆ ನಿಂಬೆಹಣ್ಣು ತಂದು ಸೂಪಿನ ಪಕ್ಕದಲ್ಲಿಟ್ಟೆ, ಒಂದಕ್ಕೆ ಐದು ದಿರ್ಹಮ್. ಎರಡೂ ಕಡೆಯವರು ಮುಗಿಬಿದ್ದರು. ಅಬುಧಾಬಿಯ ಗೋಲ್‌ಕೀಪರ್, ಫಿನ್‌ಲೆಂಡಿನವನು, ತಾನೇ ಬಂದು ಎರಡು ಕೊಂಡು ಪ್ಯಾಡಿನೊಳಗೆ ಸಿಕ್ಕಿಸಿಕೊಂಡ. ಅವತ್ತು ಅವನಿಗೆ ಒಂದು ಗೋಲೂ ಬೀಳಲಿಲ್ಲ. ಕಪ್ ಅಬುಧಾಬಿಗೆ ಹೋಯಿತು. ನನಗೆ ಬಾಡಿಗೆ, ಸಾಮಾನು, ಪೆಟ್ರೋಲು ಎಲ್ಲ ಕಳೆದು ಉಳಿದದ್ದು ನಾಲ್ಕು ಸಾವಿರದ ಇನ್ನೂರು ದಿರ್ಹಮ್. ಅದರಲ್ಲಿ ಒಂದು ಸಾವಿರ ಬರೀ ನಿಂಬೆಹಣ್ಣಿನದು.