ವಿಯೆನ್ನಾದಲ್ಲಿ ಸಿಕ್ಕಿಬಿದ್ದ ನನ್ನ ಶೂ

ಯುರೋಪಿಗೆ ಹೋಗಿ ಅರಮನೆ ನೋಡುವುದು ಎಲ್ಲರೂ ಮಾಡುವ ಕೆಲಸ. ನಾನು ಎಲ್ಲರಂತಲ್ಲ ಎಂಬ ಗಾಢ ನಂಬಿಕೆ ನನಗೆ ಮೊದಲಿಂದಲೂ ಇದೆ. ಅಮೆರಿಕದ ಟ್ರಾಯ್‌ನಲ್ಲಿರುವ ನನ್ನ ಷಡ್ಡಕ ಗುರು, ವಿಯೆನ್ನಾದ ಅರಮನೆ ನೋಡಿ ಬಂದವನು, ನಮ್ಮನ್ನು ಊಟಕ್ಕೆ ಕರೆದು ಅದರ ಒಂದೊಂದು ಕಿಟಕಿಯ ಫೋಟೋವನ್ನೂ ಟಿವಿಯಲ್ಲಿ ತೋರಿಸಿದ್ದ. ಹೋಳಿಗೆ ಆರಿತು, ಫೋಟೋ ಮುಗಿಯಲಿಲ್ಲ! ನೇಪರ್‌ವಿಲ್‌ನ ನಮ್ಮ ಮನೆಗೆ ಡ್ರೈವ್ ಮಾಡಿಕೊಂಡು ವಾಪಸ್ ಬರುವಾಗಲೇ ನಿರ್ಧರಿಸಿಬಿಟ್ಟೆ. ನಾವು ವಿಯೆನ್ನಾಕ್ಕೆ ಹೋದರೆ, ಅವನು ಕಂಡು ಕೇಳರಿಯದ ವಿಚಿತ್ರ ಮ್ಯೂಸಿಯಂಗಳನ್ನೇ ನೋಡಬೇಕು.

ಹೋದೆವು. ಮೊದಲ ದಿನ ಶವಪೆಟ್ಟಿಗೆಗಳ ಮ್ಯೂಸಿಯಂ. ಮರುದಿನ ಹಳೆಯ ಕಮೋಡುಗಳದು.

"ಮನೇಲಿರೋದನ್ನ ತೊಳ್ದು ಸಾಕಾಗಿದೆ, ಇಲ್ಲಿ ಟಿಕೆಟ್ ತಗೊಂಡು ಬೇರೆ ನೋಡ್ಬೇಕೇನ್ರೀ?" ಎಂದಳು ಹೆಂಡತಿ ವನಜ. "ಅಕ್ಕ ನೋಡಿದಾಳಲ್ಲ, ಅರಮನೆ ಡ್ಯಾನ್ಸ್ ಹಾಲು, ಅದೊಂದು ತೋರ್ಸಿ ಸಾಕು."

"ಮೈಸೂರಲ್ಲಿ ಹುಟ್ಟಿದೋಳಿಗೆ ಇನ್ನೂ ಅರಮನೆ ಆಸೇನಾ?" ಎಂದೆ.

ಅವಳ ಮುಖ ಸಣ್ಣದಾಯಿತು. ನನಗೂ ಪಾಪ ಎನಿಸಿ, ಕೊನೆಯ ದಿನ ಮೂರು ಗಂಟೆಗೆ ಅರಮನೆಯ ಟಿಕೆಟ್ ಬುಕ್ ಮಾಡಿದೆ. ತಡವಾದರೆ ಒಳಗೆ ಬಿಡುವುದಿಲ್ಲ ಎಂದು ಅದರಲ್ಲೇ ಬರೆದಿತ್ತು. ಆದರೆ ಅಲ್ಲಿಯವರೆಗೆ ಸುಮ್ಮನೆ ಯಾಕೆ ಕೂರುವುದು? ಇನ್ನೊಂದೇ ಒಂದು ಮ್ಯೂಸಿಯಂ!

ಅದು ಸಾಮಾನ್ಯ ಜನರ ಹಳೆಯ ಮನೆಗಳ ಮ್ಯೂಸಿಯಂ. ವನಜ ಮತ್ತು ಮಗಳು ಅನಘಾ ಅಡುಗೆಮನೆಗಳ ಕಡೆ ಹೋದರು. ನಾನು ಒಂದು ಬಾಗಿಲ ಮುಂದೆ ಬಂದು ನಿಂತೆ. ಹೊರಗೆ ಸಾಲಾಗಿ ಚಪ್ಪಲಿ, ಬೂಟು. ಒಳಗೆ ಕಂಬಳಿ ಹಾಸಿದ ಕೋಣೆ, ಗೋಡೆಯಲ್ಲಿ ದೇವರ ಪಟ, ಉರಿಯುವ ದೀಪ. ಇದರಲ್ಲಿ ಯೋಚಿಸುವಂಥದ್ದು ಏನಿದೆ? ಶೂ ಬಿಚ್ಚಿ, ಸಾಲಿನ ಕೊನೆಗೆ ನೀಟಾಗಿ ಜೋಡಿಸಿ, ಒಳಗೆ ಹೋಗಿ ಕೈಮುಗಿದೆ. ಶೂ ಎಂದರೆ ಮನೆಯಲ್ಲಿ ಲಾನ್ ಕತ್ತರಿಸುವಾಗ ಹಾಕುವ ಶೂ. ನಡೆಯಲು ಹಿತವೆಂದು ವನಜಳ ತೀವ್ರ ವಿರೋಧದ ನಡುವೆಯೂ ಹಾಕಿಕೊಂಡು ಬಂದಿದ್ದೆ.

ಹೊರಗೆ ಬಂದರೆ ನನ್ನ ಶೂ ಸುತ್ತ ಜನ! ಕೆಲವರು ಫೋಟೋ ತೆಗೆಯುತ್ತಿದ್ದರು. ಆ ಸಾಲು ಪೂರ್ತಿ ಪ್ರದರ್ಶನಕ್ಕಿಟ್ಟದ್ದೆಂದು ಆಗ ಹೊಳೆಯಿತು. ಹುಲ್ಲಿನ ಕಲೆ, ಬಾಯಿ ಬಿಟ್ಟ ತುದಿ ನೋಡಿ ಅಜ್ಜಿಯೊಬ್ಬರು ಎದೆಯ ಮೇಲೆ ಕೈಯಿಟ್ಟು, "ಪೂರ್ ಮ್ಯಾನ್" ಎಂದು ನಿಟ್ಟುಸಿರುಬಿಟ್ಟರು. ಆ ಬಡಪಾಯಿ ನಾನೇ ಎಂದು ಯಾವ ಬಾಯಿಂದ ಹೇಳಲಿ?

ಮೆಲ್ಲನೆ ಕೈ ಚಾಚಿದೆ. "ಡೋಂಟ್ ಟಚ್!" ಗಾರ್ಡ್ ಗುಡುಗಿದ.

ನನ್ನದೇ ಎಂದೆ. ಎಲ್ಲ ಕಳ್ಳರೂ ಹೀಗೇ ಹೇಳುತ್ತಾರೆ ಎಂಬಂತೆ ನೋಡಿದ. ಪುರಾವೆಗೆಂದು ಕಾಲೆತ್ತಿ ತೋರಿಸಿದೆ. ಹರಿದ ಸಾಕ್ಸಿನಿಂದ ಹೆಬ್ಬೆರಳು ಇಣುಕಿತು. ಒಂಟಿಕಾಲಲ್ಲಿ ಎಷ್ಟು ಹೊತ್ತು ನಿಲ್ಲಲಾದೀತು? ಹಳೆಯ ಬೂಟುಗಳ ಮೇಲೇ ಕೂತುಬಿಟ್ಟೆ. ಅಲಾರಂ ಹೊಡೆದುಕೊಂಡಿತು!

ಸದ್ದು ಕೇಳಿ ತಾಯಿ ಮಗಳು ಓಡಿ ಬಂದರು. "ಅಪ್ಪಾ, ಸೀರಿಯಸ್ಲಿ?" ಎಂದು ಅನಘಾ ಕಂಬದ ಹಿಂದೆ ಸರಿದಳು. ಮೇಲಧಿಕಾರಿ ಬಂದು ಪ್ರತಿಯೊಂದು ಬೂಟನ್ನೂ ಪರೀಕ್ಷಿಸಬೇಕಂತೆ. ಆತ ಎಲ್ಲೋ ಊಟಕ್ಕೆ ಹೋಗಿದ್ದ. ಅಲ್ಲಿಯವರೆಗೆ ನನ್ನ ಶೂ ಕದಲುವಂತಿಲ್ಲ, ಗಾರ್ಡ್ ಕೂರಿಸಿದ ಬೆಂಚಿನಿಂದ ನಾನೂ ಕದಲುವಂತಿಲ್ಲ. ಗಂಟೆ ಎರಡು ದಾಟಿತ್ತು.

ವನಜ ಬೈಯಲಿಲ್ಲ. ನನ್ನ ಪಕ್ಕ ಬೆಂಚಿನ ಮೇಲೆ ಕೂತು, "ಹೋಗ್ಲಿ ಬಿಡ್ರೀ, ಮೈಸೂರಲ್ಲಿ ನೋಡಿದೀನಲ್ಲ" ಎಂದಳು. ಬೈದಿದ್ದರೇ ಚೆನ್ನಾಗಿತ್ತು. ನನ್ನ ಮಾತೇ ನನಗೆ ಚುಚ್ಚಿತು.

ಟಿಕೆಟ್ ಇದ್ದ ಫೋನನ್ನು ಅವಳ ಕೈಗೆ ತುರುಕಿದೆ. "ನೀವಿಬ್ರೂ ಹೋಗಿ. ಈಗ್ಲೇ ಹೊರಡಿ."

"ನೀವು?"

"ನಾನು ಇಲ್ಲಿ ಪ್ರದರ್ಶನದಲ್ಲಿದೀನಿ!"

ಅವಳು ನಕ್ಕಳು. ಆಮೇಲೆ ಇಬ್ಬರೂ ಓಡಿದರು. ಸಂಜೆ ಶೂ ಬಿಡಿಸಿಕೊಂಡು ಹೋಟೆಲಿಗೆ ಬಂದರೆ ವನಜಳ ಮುಖ ಹಬ್ಬದ ಮನೆಯಾಗಿತ್ತು. ಡ್ಯಾನ್ಸ್ ಹಾಲಿನ ಖುಷಿಯಲ್ಲಿ ಫೋಟೋ ತೆಗೆಯುವುದನ್ನೇ ಮರೆತಿದ್ದಳು.

ಮೊನ್ನೆ ಟ್ರಾಯ್‌ಗೆ ಹೋಗಿದ್ದೆವು. ಅಕ್ಕ ತಂಗಿಯರಿಗೆ ಆ ಹಾಲಿನ ದೀಪಗಳದೇ ಮಾತು. ನನಗೆ ಬಾಯಿ ಹಾಕಲು ಜಾಗವಿಲ್ಲ. ಕೊನೆಗೆ ಮೆಲ್ಲಗೆ ಕೇಳಿದೆ, "ಗುರು, ಆ ಅರಮನೆ ಫೋಟೋ ಇನ್ನೂ ಇದಾವಾ?"

ಅವನ ಕಣ್ಣು ಅರಳಿತು. "ಕಿಟಕೀವೂ ಹಾಕ್ಲಾ?"

"ಎಲ್ಲಾ ಹಾಕಪ್ಪ."

ನೋಡಿ ಮುಗಿಸಿ ಹೊರಗೆ ಬಂದೆ. ಬಾಗಿಲ ಬಳಿ, ಚಪ್ಪಲಿಗಳ ಸಾಲಿನ ಕೊನೆಯಲ್ಲಿ ನನ್ನ ಶೂ ಇತ್ತು. ಒಬ್ಬರೂ ಫೋಟೋ ತೆಗೆಯುತ್ತಿರಲಿಲ್ಲ!