ಹದ ಯಾವ ಪಾರ್ಟಿ?

ಗೌರವ್ವ: ಒಂದ ಹಿಡಿ ಮಣ್ಣ ಹಿಡದ ನೋಡ್ರಿ! ಉಂಡಿ ಆಗತೈತೋ ಇಲ್ಲೋ? ಇದಕ್ಕ ಹದ ಅನ್ನದಿದ್ರ ಮತ್ತ ಯಾವದಕ್ಕ ಅಂತೀರಿ?

ಲಕ್ಕಪ್ಪ: ನಾ ಏನೂ ಅನ್ನಾಂಗಿಲ್ಲ. ಗೌಡ್ರು ಇನ್ನೂ ಏನೂ ಅಂದಿಲ್ಲ.

ಗೌರವ್ವ: ಹೊಲ ಗೌಡ್ರದೋ, ನಿಮ್ಮದೋ?

ಲಕ್ಕಪ್ಪ: ಹೊಲ ನಂದು. ಪಾರ್ಟಿ ಗೌಡ್ರದು.

(ಕೊಣ್ಣೂರಿನ ಹೊರಗಿನ ಎರೆಹೊಲ. ಉತ್ತರಿ ಮಳೆ ಚೆನ್ನಾಗಿ ಸುರಿದು ನಿಂತಿದೆ. ಇನ್ನೆರಡು ದಿನ ಬಿಸಿಲು ಕಾದರೆ ಹದ ಆರಿ ಹೋಗುತ್ತದೆ. ಆಮೇಲೆ ಬಿತ್ತಿದ ಜೋಳ ಇರುವೆಗಳ ಪಾಲು. ಗೌರವ್ವನ ಗಂಡ ಲಕ್ಕಪ್ಪನಿಗಿರುವುದು ಒಂದೇ ಎತ್ತು. ಬಾಜೂ ಹೊಲದ ಮಾಲಿಂಗಪ್ಪನಿಗೂ ಒಂದೇ. ವರ್ಷಾನುಗಟ್ಟಲೆ ಎರಡನ್ನೂ ಒಂದೇ ನೊಗಕ್ಕೆ ಹೂಡಿ ಎರಡೂ ಹೊಲ ಬಿತ್ತಿಕೊಂಡು ಬಂದವರು ಇವರು. ಈ ಸಲ ತಾಲೂಕು ಬೋರ್ಡಿನ ಇಲೆಕ್ಷನ್ ಬಂತು. ಲಕ್ಕಪ್ಪ ಗೌಡರ ಪಾರ್ಟಿ ಸೇರಿದ, ಮಾಲಿಂಗಪ್ಪ ಸಾವಕಾರರ ಪಾರ್ಟಿ ಸೇರಿದ. ಎತ್ತುಗಳನ್ನು ಮಾತ್ರ ಯಾರೂ ಕೇಳಲಿಲ್ಲ. ಮಾಲಿಂಗಪ್ಪ ತನ್ನ ಎತ್ತು ಹಿಡಿದು ಬದುವಿನ ಮೇಲೆ ಇವರಿಗೆ ಬೆನ್ನು ತಿರುಗಿಸಿ ನಿಂತಿದ್ದಾನೆ.)

ಮಾಲಿಂಗಪ್ಪ: (ಆಕಾಶಕ್ಕೆ ಹೇಳುವವನಂತೆ) ಹದ ಐತಿ! ನಮ್ಮ ಸಾವಕಾರ್ರು ನಿನ್ನೇನ ಕಟ್ಟಿ ಮ್ಯಾಲೆ ಕುಂತ ಹೇಳ್ಯಾರ.

ಲಕ್ಕಪ್ಪ: ಕೇಳಿದೇನ? ಆ ಸಾವಕಾರ ಐತಿ ಅಂದ್ನಂತ. ಅಂದ ಮ್ಯಾಲೆ ಇಲ್ಲ!

ಗೌರವ್ವ: ಮಾಲಿಂಗಣ್ಣಾ, ನೀನರ ಮಣ್ಣ ಹಿಡದ ನೋಡಿಯೇನ?

ಮಾಲಿಂಗಪ್ಪ: ನಾ ಯಾಕ ನೋಡ್ಲಿ ಅಕ್ಕಾ? ಸಾವಕಾರ್ರ ಮಾತಿನ ಮ್ಯಾಲೆ ಸಂಶೇನ?

ಗೌರವ್ವ: ಸಾವಕಾರ್ರು ಬಂದ ನೋಡ್ಯಾರೇನ?

ಮಾಲಿಂಗಪ್ಪ: ಅವರ ಕಾಲಾಗ ಹೊಸಾ ಜೋಡ ಅದಾವು. ರಾಡ್ಯಾಗ ಯಾಕ ಬರ್ತಾರ?

ಗೌರವ್ವ: ಹದ ಐತಿ ಅಂತೀಯಲ್ಲಾ, ಹಂಗಾರ ಎತ್ತ ತಂದ ಹೂಡು.

ಮಾಲಿಂಗಪ್ಪ: ಗೌಡ್ರ ಪಾರ್ಟಿ ಎತ್ತಿನ ಬಾಜೂಕ? ನನ್ನ ಎತ್ತ ಕೆಟ್ಟ ಹೋಗತೈತಿ.

(ಕೆಡಬೇಕಾದ ಎತ್ತು ಅಷ್ಟರಲ್ಲೇ ಬದು ಇಳಿದು ಲಕ್ಕಪ್ಪನ ಎತ್ತಿನ ಕುತ್ತಿಗೆ ನೆಕ್ಕುತ್ತಿದೆ. ಗೌರವ್ವ ಸೆರಗು ಬಿಗಿದಳು.)

ಗೌರವ್ವ: ಅಯ್ಯ, ಮರತ ಬಿಟ್ಟಿದ್ನಿ ನೋಡ್ರಿ. ಮುಂಜಾನೆ ನೀರಿಗೆ ಹೋದಾಗ ಗೌಡ್ರು ಸಿಕ್ಕಿದ್ರು. ಹದ ಭಾಳ ಚಲೋ ಬಿದ್ದೈತಿ ಅಂದ್ರು.

(ಅಪ್ಪಟ ಸುಳ್ಳು. ಹೆಂಗಸರು ನೀರಿಗೆ ಹೋಗುವ ಹೊತ್ತಿಗೆ ಗೌಡರು ಏಳುವವರೇ ಅಲ್ಲ. ಆದರೂ ಲಕ್ಕಪ್ಪ ತಟ್ಟನೆ ಕುಕ್ಕರಗಾಲಲ್ಲಿ ಕೂತು ಮಣ್ಣು ಹಿಡಿದ.)

ಲಕ್ಕಪ್ಪ: ಹೆಂತಾ ಹದ ಇದು! ಹಿಡದ್ರ ಉಂಡಿ, ಒಗದ್ರ ಪುಡಿ. ಮುಂಜಾನಿಂದ ನಾ ಇದನ್ನ ಬಡಕೊಳ್ಳಾಕತ್ತೇನಿ, ನೀನ ಕೇಳವಲ್ಲಿ!

ಮಾಲಿಂಗಪ್ಪ: ಏನು? ಗೌಡ ಐತಿ ಅಂದ್ನೇನ? ಹಂಗಾರ ಇದರಾಗ ಏನೋ ಕಾರಸ್ತಾನ ಐತಿ. ಹದ ಇಲ್ಲ!

ಗೌರವ್ವ: ಈಗಷ್ಟ ನೀನ ಐತಿ ಅಂದ್ಯಲ್ಲೋ!

ಮಾಲಿಂಗಪ್ಪ: ಅದು ಅಂವಾ ಅನ್ನೂಕಿಂತ ಮೊದಲಿನ ಮಾತು.

(ಗೌರವ್ವ ಬೀಜದ ಬುಟ್ಟಿಯನ್ನು ದೊಪ್ಪನೆ ಕೆಳಗಿಟ್ಟಳು. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.)

ಗೌರವ್ವ: ಮನ್ಯಾಗ ಜ್ವಾಳದ ಗಡಗಿ ತಳಾ ಕಾಣಾಕತ್ತೈತಿ. ಬರೂ ವರ್ಷ ಗೌಡ್ರು ರೊಟ್ಟಿ ಕಳಸ್ತಾರ? ಸಾವಕಾರ್ರು ಕಳಸ್ತಾರ? ಇಬ್ಬರೂ ತಲಿ ಅವರ ಮನ್ಯಾಗ ಒತ್ತಿ ಇಟ್ಟ, ಬರೇ ರುಮಾಲ ಹೊತಗೊಂಡ ಬಂದೀರಿ!

(ಗೌರವ್ವ ಉಸಿರು ತೆಗೆದುಕೊಂಡು ದನಿ ಬದಲಿಸಿದಳು.)

ಗೌರವ್ವ: ಆತು ಮಾಲಿಂಗಣ್ಣಾ, ನಿಂದ ಖರೆ. ಹದ ಇಲ್ಲ. ಇಲ್ಲಾಂದ್ರ ಬಿತ್ತಿದ್ದು ಹುಟ್ಟಾಂಗಿಲ್ಲ, ಹೌದಲ್ಲೋ?

ಮಾಲಿಂಗಪ್ಪ: ಒಂದ ಕಾಳೂ ಹುಟ್ಟಾಂಗಿಲ್ಲ.

ಗೌರವ್ವ: ಹುಟ್ಟದಿದ್ರ ಗೌಡ್ರ ಮಾತ ಸುಳ್ಳಾಗತೈತಿ. ಊರ ಮಂದಿ ನಗತಾರ.

ಮಾಲಿಂಗಪ್ಪ: (ಮೀಸೆ ತಿರುವಿ) ಹೊಟ್ಟಿ ಹಿಡಕೊಂಡ ನಗತಾರ!

ಗೌರವ್ವ: ಆದ್ರ ಬಿತ್ತದ ಹೊರತು ಅದು ಗೊತ್ತಾಗೂದ ಹ್ಯಾಂಗ?

ಲಕ್ಕಪ್ಪ: ಬಿತ್ತಲಿ! ಧೈರ್ಯ ಇದ್ರ ಬಿತ್ತಲಿ! ಜ್ವಾಳ ಸಾಲ ಹಿಡದ ಹುಟ್ಟಿ ಸಾವಕಾರನ ಪಾರ್ಟಿಯವರ ಮೂತಿಗೆ ಮಸಿ ಬಳಿತೈತಿ!

ಮಾಲಿಂಗಪ್ಪ: ತಗೋಳೋ ಕೂರಿಗಿ! ನಿಮ್ಮ ಗೌಡನ್ನ ಸುಳ್ಳ ಮಾಡಾಕ ಎತ್ತೇನು, ನಾನ ನೊಗಕ್ಕ ಹೆಗಲ ಕೊಟ್ಟೇನು!

(ಕಣ್ಣು ಮುಚ್ಚಿ ತೆರೆಯುವುದರಲ್ಲಿ ಎತ್ತು ಹೂಡಿದ್ದಾಯಿತು. ಮಾಲಿಂಗಪ್ಪ ಎತ್ತು ನಡೆಸಿದ, ಲಕ್ಕಪ್ಪ ಕೂರಿಗೆ ಒತ್ತಿ ಹಿಡಿದ, ಗೌರವ್ವ ಹಿಂದಿನಿಂದ ಬೀಜ ಬಿಟ್ಟಳು. ಮೊದಲ ಕೆಲವು ಸಾಲು ಯಾರೂ ಮಾತಾಡಲಿಲ್ಲ. ಆದರೆ ಹಸಿ ಎರೆಮಣ್ಣಿನ ವಾಸನೆ ಬಂದಾಗ ಒಕ್ಕಲಿಗನ ಬಾಯಿ ಎಷ್ಟು ಹೊತ್ತು ಸುಮ್ಮನಿದ್ದೀತು?)

ಮಾಲಿಂಗಪ್ಪ: ಎಲಾ ಲಕ್ಕಾ! ಕೂರಿಗಿ ಹ್ಯಾಂಗ ಇಳಿಯಾಕತ್ತೈತಿ ನೋಡೋ, ಬೆಣ್ಯಾಗ ಇಳದಂಗ! ಇಂಥಾ ಹದ ಕಂಡ ಎಷ್ಟ ವರ್ಷ ಆಗಿತ್ತು!

(ಹೇಳಿದವನೇ ನಾಲಿಗೆ ಕಚ್ಚಿಕೊಂಡ. ಎತ್ತುಗಳು ನಿಂತವು.)

ಲಕ್ಕಪ್ಪ: ಏನಂದಿ?

ಮಾಲಿಂಗಪ್ಪ: ಬಾಯಿ ಜಾರಿತೋ. ಗೌಡನ ಮಾತಿಗೆ ಹೂಂ ಅಂದ್ನಿ ಅಂತ ಸಾವಕಾರ್ರ ಕಿವಿಗೆ ಹಾಕಬ್ಯಾಡ ಮಾರಾಯಾ.

ಲಕ್ಕಪ್ಪ: ಹಾಕಾಂಗಿಲ್ಲ. (ಅತ್ತಿತ್ತ ನೋಡಿ) ನೀನೂ ಗೌಡ್ರ ಮುಂದ ಅನ್ನಬ್ಯಾಡ. ಮುಂಜಾನೆ ಹೊಲಕ್ಕ ಬಂದ ಕೂಡ್ಲೆ ನಾ ಮಣ್ಣ ಹಿಡದ ನೋಡಿದ್ನಿ. ಹದ ಐತಿ ಅಂತ ಆಗಳೇ ಗೊತ್ತಾಗಿತ್ತು.

ಗೌರವ್ವ: ಅಯ್ ನನ ಶಿವನ! ಗೊತ್ತಿದ್ದೂ ನನ್ನ ಗಂಟಲ ಹರಿಸಿದ್ರಲ್ಲಾ!

ಲಕ್ಕಪ್ಪ: ಗೊತ್ತಾಗೂದ ಬ್ಯಾರೆ, ಅನ್ನೂದ ಬ್ಯಾರೆ. ನಿನಗ ಪಾರ್ಟಿ ಅಂದ್ರ ತಿಳಿಯಾಂಗಿಲ್ಲ.

(ಹೊತ್ತು ಇಳಿಯುವಷ್ಟರಲ್ಲಿ ಹೊಲ ಮುಗಿಯಿತು. ಮೂವರೂ ಬದುವಿನ ಮೇಲೆ ಕೂತು ಒಂದೇ ಬುತ್ತಿಯ ರೊಟ್ಟಿ ಬಿಚ್ಚಿದರು.)

ಲಕ್ಕಪ್ಪ: ನಾಳೆ ನಿನ್ನ ಹೊಲ ಬಿತ್ತೂದಲ್ಲೋ?

ಮಾಲಿಂಗಪ್ಪ: ಬಿತ್ತೂದ ಖರೆ. ಆದ್ರ ನನ್ನ ಹೊಲ ದಾರಿ ಬಾಜೂಕ ಐತಿ. ಮಂದಿ ನೋಡಿದ್ರ ಇಬ್ಬರೂ ಒಂದಾದ್ರು ಅಂತಾರ.

ಲಕ್ಕಪ್ಪ: ಅದಕ್ಯಾಕ ಚಿಂತಿ? ಹೊತ್ತ ಮೂಡೂದ್ರಾಗ ಬಂದ ಬೈಯಾಕ ಚಾಲೂ ಮಾಡ್ತೇನಿ. ನೀನೂ ತಿರುಗಿ ಬೈ.

ಮಾಲಿಂಗಪ್ಪ: ಬೈಯೋ, ಬೈ. ಜರಾ ಜೋರಾಗಿ ಬೈ, ಊರ ತನಕಾ ಕೇಳಬೇಕು. ಮತ್ತ ಬರೂವಾಗ ಎತ್ತ ಮರೀಬ್ಯಾಡ!