ಗೊಂಬೆ ಮೆಟ್ಟಿಲೇರಿದ ಅಥೀನಾ

ಡೆಲಿವರಿಯವನು ಹೇಳಿದ ದಿನಕ್ಕಿಂತ ಮೊದಲೇ ಪೆಟ್ಟಿಗೆ ತಂದು ಬಾಗಿಲಲ್ಲಿಟ್ಟು ಹೋದದ್ದೇ ಮುಕುಂದನ ಗ್ರಹಚಾರಕ್ಕೆ ಮೂಲ. ಒಳಗಿದ್ದವಳು ಅಥೀನಾ. ಗ್ರೀಕರ ಪುರಾತನ ಯುದ್ಧದೇವತೆ. ಮುಕುಂದ ಊಟ ಬಿಟ್ಟು ನೋಡುವ ಧಾರಾವಾಹಿಯಲ್ಲಿ ಮಾತ್ರ ಆಕಾಶನೌಕೆಯೊಂದರ ಕ್ಯಾಪ್ಟನ್. ಮೈಗೆ ಬೆಳ್ಳಿಬಣ್ಣದ ಕವಚ, ಕೈಯಲ್ಲಿ ಲೇಸರ್ ಈಟಿ, ಹೆಗಲ ಮೇಲೊಂದು ರೋಬೋ ಗೂಬೆ. ಗೊಂಬೆಯ ಎತ್ತರ ಮೂರು ವರ್ಷದ ಮಗುವಿನಷ್ಟು.

"ಇನ್ನೊಂದು ಆಟದ ಸಾಮಾನು ಈ ಮನೆಗೆ ಬಂದ್ರೆ, ಬೇಸ್‌ಮೆಂಟಲ್ಲಿರೋ ನಿನ್ನ ಗೊಂಬೆಗಳೆಲ್ಲ ಗರಾಜ್ ಸೇಲಲ್ಲಿ ಮೂರು ಕಾಸಿಗೆ!" ಎಂದು ಹೆಂಡತಿ ರಾಜಿ ಆಣೆಯಿಟ್ಟು ಹೇಳಿದ್ದಳು. ರಾಜಿ ಹೇಳಿದ್ದನ್ನು ಮಾಡದೆ ಬಿಟ್ಟದ್ದು ಎಡಿಸನ್ ಊರಿನ ಕನ್ನಡಿಗರು ಯಾರೂ ಕಂಡಿಲ್ಲ.

ಸಂಜೆ ಮನೆಯಲ್ಲಿ ದಸರಾ ಗೊಂಬೆ ಆರತಿ. ಪುಣ್ಯಕ್ಕೆ ರಾಜಿ ಹೂ ತರಲು ಓಕ್ ಟ್ರೀ ರೋಡಿಗೆ ಹೋಗಿದ್ದಳು. ಮುಕುಂದ ಪೆಟ್ಟಿಗೆ ಬಿಚ್ಚಿ ದೇವಿಯನ್ನು ಕಣ್ತುಂಬ ನೋಡುತ್ತಿರುವಾಗಲೇ ಕರೆಗಂಟೆ ಮೊಳಗಿತು. ಗಾಬರಿಯಲ್ಲಿ ಕಂಡದ್ದು ಒಂದೇ ಜಾಗ. ಗೊಂಬೆ ಮೆಟ್ಟಿಲಿನ ತುತ್ತತುದಿಯಲ್ಲಿ, ಪಟ್ಟದ ಗೊಂಬೆಗಳ ಪಕ್ಕ ಅವಳನ್ನು ನಿಲ್ಲಿಸಿಬಿಟ್ಟ.

ಎದುರುಮನೆಯ ಗಿರಿಜಾದೇವಿ ಆಂಟಿ ಒಳಬಂದರು. ಹಿಂದೆ ಧಾರವಾಡದ ರೇಣು. ಆಂಟಿಯ ಕಣ್ಣು ನೆಟ್ಟಗೆ ಮೇಲಕ್ಕೇ ಹೋಯಿತು.

"ಇದ್ಯಾವ ಅಮ್ಮನವರಪ್ಪಾ?"

"ಅದು... ಗ್ರೀಸ್ ಕಡೆ ದೇವಿ ಆಂಟಿ."

"ಅಯ್ಯ ನಮ್ಮವ್ವ, ಎಷ್ಟ್ ಛಂದ ಅದಾಳ್ರೀ!" ಎಂದರು ರೇಣು. "ಹೆಗಲ ಮ್ಯಾಲ ಗೂಬಿ ಯಾಕ್ರೀ?"

"ವಾಹನ."

"ವಾಹನವೇ ಸವಾರಿ ಮಾಡ್ತಿದೆಯಲ್ಲೋ!" ಎಂದು ಆಂಟಿ ಗಲ್ಲ ಬಡಿದುಕೊಂಡರು.

"ಡ್ಯಾಡ್, ದಟ್ಸ್ ಕ್ಯಾಪ್ಟನ್..." ಎನ್ನುತ್ತ ಬಂದ ಮಗಳು ಹಂಸಿನಿಯ ಬಾಯಿಗೆ ಮುಕುಂದ ಒಂದು ಹಿಡಿ ಕೋಸಂಬರಿ ತುರುಕಿದ.

ಆಂಟಿ ಬಿಡಲಿಲ್ಲ, ಕುಂಕುಮವಿಟ್ಟು ಆರತಿಯನ್ನೂ ಎತ್ತಿದರು. ದೀಪ ಹತ್ತಿರ ಬಂದದ್ದೇ ತಡ, ಗೂಬೆಯ ಕಣ್ಣು ಕೆಂಪಗೆ ಮಿನುಗಿತು. ದೇವಿ ಗುಡುಗಿದಳು: "ಸರೆಂಡರ್, ಮಾರ್ಟಲ್ಸ್!"

"ಕೇಳಿದ್ಯೇನೇ ರೇಣು? ಶರಣಾಗಿ ನರಮನುಷ್ಯರೇ ಅಂತಿದ್ದಾಳೆ ತಾಯಿ!"

ಇಬ್ಬರೂ ಅಡ್ಡಬಿದ್ದರು. ವಿಧಿಯಿಲ್ಲದೆ ಮುಕುಂದನೂ ಬಿದ್ದ.

"ಇಂಥ ತಾಯಿ ನಮ್ಮನೇಲಿ ಇದ್ದಿದ್ರೆ..." ಎಂದು ಆಂಟಿ ನಿಟ್ಟುಸಿರು ಬಿಡುವುದಕ್ಕೂ ಗರಾಜ್ ಬಾಗಿಲು ಏಳುವುದಕ್ಕೂ ಸರಿಹೋಯಿತು. ರಾಜಿ ಬಂದಳೆಂದು ಮುಕುಂದ ಅವಸರದಲ್ಲಿ ದೇವಿಯನ್ನು ಮೆಟ್ಟಿಲಿನಿಂದ ಇಳಿಸಿದ.

"ನೀವೇ ತಗೊಂಡ್ಹೋಗಿ ಆಂಟಿ! ಹಂಸಿನಿ, ಆಂಟಿಗೆ ಅರಿಶಿನ ಕುಂಕುಮ, ಎಲೆ ಅಡಿಕೆ ಕೊಡು. ಬೇಗ!"

ಹಬ್ಬ ಕಳೆದ ಮೇಲೆ ಏನಾದರೂ ನೆಪ ಹೇಳಿ ಮೆಲ್ಲಗೆ ವಾಪಸ್ ತಂದರಾಯಿತು ಎಂಬುದು ಅವನ ಉಪಾಯ. ಆಂಟಿ ದೇವಿಯನ್ನು ಸೊಂಟಕ್ಕೇರಿಸಿ, ಸೆರಗು ಹೊದಿಸಿ, ರೇಣುವಿನ ಜೊತೆ ಮುಂಬಾಗಿಲು ದಾಟಿಯೇಬಿಟ್ಟರು. ಅಬ್ಬಾ, ಬದುಕಿದೆ ಎಂದುಕೊಂಡ ಮುಕುಂದ.

"ಸ್ವಲ್ಪ ಕೈ ಹಾಕು ಬಾ," ಎಂದು ಗರಾಜಿನಿಂದ ರಾಜಿ ಕರೆದಳು. ಕಾರಿನ ಹಿಂದೆ ಒಂದು ಗಾಜಿನ ಕಪಾಟು, ಒಳಗೆಲ್ಲ ಪುಟ್ಟ ಪುಟ್ಟ ದೀಪ.

"ಕದ್ದು ಆರ್ಡರ್ ಮಾಡಿದ್ದು ನಂಗೆ ಗೊತ್ತಾಗಲ್ಲ ಅನ್ಕೊಂಡ್ಯಾ? ಇಬ್ರದ್ದೂ ಒಂದೇ ಅಕೌಂಟ್ ಅಲ್ವೇನೋ! ಮೊದಲು ಕೋಪ ಬಂತು. ಆಮೇಲೆ ಹೋಗ್ಲಿ ಪಾಪ, ನಿನ್ನ ಹುಟ್ಟುಹಬ್ಬ ಬರ್ತಿದೆ ಅಂತ ಆ ಗೊಂಬೆ ಅಳತೆಗೇ ಕಪಾಟು ಮಾಡಿಸ್ದೆ. ಎಲ್ಲಿ ನಿನ್ನ ಕ್ಯಾಪ್ಟನ್ನು?"

ಮುಕುಂದನಿಗೆ ನಿಜವಾಗಿಯೂ ಅಳು ಬಂತು. ನಡೆದದ್ದನ್ನೆಲ್ಲ ಒಪ್ಪಿಸಿ, "ಈಗ್ಲೇ ಹೋಗಿ ತರ್ತೀನಿ," ಎಂದು ಚಪ್ಪಲಿ ಮೆಟ್ಟಿದ.

"ಏ ನಿಲ್ಲು! ಹಬ್ಬದ ದಿನ ಮಗಳ ಕೈಲಿ ಅರಿಶಿನ ಕುಂಕುಮದ ಜೊತೆ ಕೊಡಿಸಿದ್ದನ್ನ ವಾಪಸ್ ಕೇಳ್ತಾರೇನೋ ಯಾರಾದ್ರೂ?"

ಅಷ್ಟರಲ್ಲಿ ರಾಜಿಯ ಫೋನಿಗೆ ಆಂಟಿಯಿಂದ ಫೋಟೋ ಬಂತು. ಅಥೀನಾ ಹಸಿರು ಸೀರೆ ಉಟ್ಟಿದ್ದಳು. ಲೇಸರ್ ಈಟಿಯ ತುದಿಗೆ ನಿಂಬೆಹಣ್ಣು ಸಿಕ್ಕಿಸಿತ್ತು.

"ಪ್ರತಿ ಶುಕ್ರವಾರ ಪೂಜೆಯಂತೆ," ರಾಜಿ ಓದಿ ಹೇಳಿದಳು. "ಗಂಡಸರು ಮುಟ್ಟೋ ಹಾಗಿಲ್ವಂತೆ. ಹೋಗಿ ದೂರದಿಂದ ಕೈ ಮುಗಿದು, ಪ್ರಸಾದ ತಗೊಂಡು ಬಾ."